ಸಹಾಯ ಬೇಕು: ಮನೆಯ ಕಾರು ಶೆಡ್ಡಿಗೆ ಮೊದಲು ಯಾವ ಸಲಕರಣೆ ಕೊಳ್ಳಲಿ?

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಹತ್ತಿರದ ಹಳ್ಳಿಯವನು. ನಮ್ಮದು ಹಳೆಯ ಮಾರುತಿ ಆಲ್ಟೊ, 796 ಸಿಸಿ. ಆಯಿಲ್, ಫಿಲ್ಟರ್, ಸ್ಪಾರ್ಕ್ ಪ್ಲಗ್, ಬ್ರೇಕ್ ಪ್ಯಾಡ್ ಬದಲಿಸುವಷ್ಟು ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆಂಬ ಆಸೆ.

8ರಿಂದ 24 ಎಂಎಂವರೆಗಿನ ತಪಾರಿಯಾ ರಿಂಗ್ ಸ್ಪ್ಯಾನರ್‌ಗಳು ಈಗಾಗಲೇ ಇವೆ. ಅರ್ಧ ಇಂಚಿನ ಸಾಕೆಟ್ ಸೆಟ್ ಕೊಳ್ಳಲಿದ್ದೇನೆ. ನಟ್ಟನ್ನು ಇಷ್ಟೇ ಬಲದಲ್ಲಿ ಎಂದು ಅಳೆದು ಬಿಗಿಯುವ ಟಾರ್ಕ್ ರೆಂಚ್ ವಿಷಯದಲ್ಲಿ ಗೊಂದಲವಿದೆ. ಅಂಗಡಿಯವರು ತೋರಿಸಿದ್ದು 40ರಿಂದ 200 ನ್ಯೂಟನ್ ಮೀಟರ್‌ನದು. ಚಕ್ರದ ನಟ್ಟುಗಳಿಗೆ ಸರಿಹೋದೀತು, ಆದರೆ ಸ್ಪಾರ್ಕ್ ಪ್ಲಗ್ಗಿಗೆ ಅದು ತೀರ ದೊಡ್ಡದು. ಚಿಕ್ಕದೊಂದನ್ನು ಪ್ರತ್ಯೇಕವಾಗಿ ಕೊಳ್ಳುವುದೇ ಸರಿಯೇ?

ನನ್ನ ನಿಜವಾದ ಚಿಂತೆ ಜಾಕಿನದು. ಬರೀ ಜಾಕಿನ ಮೇಲೆ ಎತ್ತಿದ ಕಾರಿನ ಕೆಳಗೆ ಯಾರೂ ನುಸುಳಬಾರದು. ಎತ್ತಿದ ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್ ಇಲ್ಲದೆ ನಾನಂತೂ ಕೆಲಸ ಆರಂಭಿಸುವುದಿಲ್ಲ. ಆದರೆ ಶೆಡ್ಡಿನ ನೆಲ ಮಣ್ಣಿನದು, ಮಳೆಗಾಲದಲ್ಲಿ ಮೆತ್ತಗಾಗುತ್ತದೆ. ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕಿದರೆ ಸಾಕೇ, ಅಥವಾ ಮೊದಲು ಕಾಂಕ್ರೀಟ್ ಹಾಕಿಸಲೇಬೇಕೇ? ಕಾಂಕ್ರೀಟ್ ಆದರೆ ಎಷ್ಟು ದಪ್ಪ? ಟ್ರಾಲಿ ಜಾಕ್ 2 ಟನ್ನಿನದು ಸಾಕೇ?

ಮಲೆನಾಡಿನವರಿಗೆ ಇನ್ನೊಂದು ಪ್ರಶ್ನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಕ್ಕಿನ ಸಾಮಾನಿಗೆ ತುಕ್ಕು ಹಿಡಿಯದಂತೆ ನೀವು ಏನು ಮಾಡುತ್ತೀರಿ? ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟರೂ ನನ್ನ ಇಕ್ಕಳಗಳು ಕೆಂಪಾಗಿವೆ.

ಬಳಸಿದ ಆಯಿಲನ್ನು ತೋಟಕ್ಕೆ ಸುರಿಯಲು ಮನಸ್ಸಿಲ್ಲ. ಸಾಗರ ಅಥವಾ ಶಿವಮೊಗ್ಗದಲ್ಲಿ ಅದನ್ನು ತೆಗೆದುಕೊಳ್ಳುವವರಿದ್ದರೆ ದಯವಿಟ್ಟು ತಿಳಿಸಿ. ವಾಹನದ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದಿದೆ, ಅಲ್ಲಿಂದ ತರಬೇಕಾದದ್ದು ಏನಾದರೂ ಇದ್ದರೆ ಅದನ್ನೂ ಹೇಳಿ.