ಸಹಾಯ ಬೇಕು: ನಾಪೋಕ್ಲು ಹತ್ತಿರ ರಾತ್ರಿ ರೋಗಿಯನ್ನು ನೋಡಿಕೊಳ್ಳುವವರು

ಎಲ್ಲರಿಗೂ ನಮಸ್ಕಾರ. ಲಕ್ವ ಹೊಡೆದ ಮೇಲೆ ಅಪ್ಪ ಹಾಸಿಗೆ ಹಿಡಿದಿದ್ದಾರೆ. ಬೆನ್ನಿಗೆ ಹುಣ್ಣಾಗದಂತೆ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿ ಅದೆಲ್ಲ ಅಮ್ಮನೇ ಮಾಡೋದು. ದೊಡ್ಡವರಿಗೆ ದಿನಕ್ಕೆ 7 ಗಂಟೆಯಾದರೂ ನಿದ್ದೆ ಬೇಕು, ಅಲ್ವಾ? ಅಮ್ಮನಿಗೆ ಒಂದೇ ಸಮನೆ 2 ಗಂಟೆ ಸಿಕ್ಕರೆ ಪುಣ್ಯ. ಮೊನ್ನೆ ಒಲೆ ಮೇಲೆ ಅಕ್ಕಿ ರೊಟ್ಟಿ ಸೀದು ಹೊಗೆ ಬರುತ್ತಿತ್ತು, ಅವರು ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಬಿಪಿ ಕೂಡ ಏರಿದೆ.

ಕಾಫಿ ಕುಯ್ಲು ಶುರುವಾಗಿದೆ, ಹಗಲೆಲ್ಲ ನಾನು ತೋಟದಲ್ಲಿ. ರಾತ್ರಿ ನಾನು ಕೂತರೂ ಅಮ್ಮನ ಕಿವಿ ಅಪ್ಪನ ಕೋಣೆ ಕಡೆಗೇ. ಅವರನ್ನು ಚಿಕ್ಕಮ್ಮನ ಮನೆಗೆ ಕಳಿಸಿದರೆ ಮಾತ್ರ ಚೆನ್ನಾಗಿ ಮಲಗುತ್ತಾರೆ.

ವಾರಕ್ಕೆ 2 ರಾತ್ರಿ ಉಳಿಯಲು, ಇಂಥ ಕೆಲಸ ಗೊತ್ತಿರುವವರು ನಾಪೋಕ್ಲು, ಮೂರ್ನಾಡು ಕಡೆ ಇದ್ದಾರಾ? ಸಂಬಳ, ಊಟ, ಬಂದುಹೋಗುವ ಖರ್ಚು ನಮ್ಮದು. ಮಡಿಕೇರಿ ಅಥವಾ ಮೈಸೂರಲ್ಲಿ ಒಂದು ವಾರದ ಮಟ್ಟಿಗೆ ರೋಗಿಯನ್ನು ಇಟ್ಟುಕೊಳ್ಳುವ ಒಳ್ಳೆ ಜಾಗ ಗೊತ್ತಿದ್ದರೂ ದಯವಿಟ್ಟು ಮೆಸೇಜ್ ಮಾಡಿ.