ಮಳೆಗಾಲದ ಘಟ್ಟದ ದಾರಿಗೆ ಬೈಕಿನ ಜಿಪಿಎಸ್: ಯಾವ ಸೌಲಭ್ಯಕ್ಕೆ ಹಣ ಕೊಡಬೇಕು?

ಪ್ರಶ್ನೆ: ಕೋಥ್ರೂಡ್ ಸವಾರ, ಪುಣೆ

ಮಾನ್ಯರೇ, ನಾನು ಧಾರವಾಡದ ಕಡೆಯವನು, ಉದ್ಯೋಗದ ನಿಮಿತ್ತ ಪುಣೆಯಲ್ಲಿದ್ದೇನೆ. ಈ ಮಳೆಗಾಲದಲ್ಲಿ ಬೆಳಗಾವಿ, ಜಾಂಬೋಟಿ, ಕಣಕುಂಬಿ ಮಾರ್ಗವಾಗಿ ಚೋರ್ಲಾ ಘಟ್ಟ ಇಳಿದು ಗೋವೆ ಸೇರಿ, ಮರಳುವಾಗ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಮಾಣಗಾವ್‌ವರೆಗೆ ಬಂದು ತಾಮ್ಹಿಣಿ ಘಟ್ಟ ಹತ್ತಬೇಕೆಂದಿದ್ದೇನೆ. ಬೈಕಿಗೆಂದೇ ತಯಾರಾದ ಜಿಪಿಎಸ್ ಸಾಧನ ಕೊಳ್ಳುವ ಯೋಚನೆಯಿದೆ. ಆದರೆ ದೊಡ್ಡ ಪರದೆ, ನಾಲ್ಕೈದು ಉಪಗ್ರಹ ವ್ಯವಸ್ಥೆಗಳು, ಹವಾಮಾನ, ಸಂಗೀತ ಎಂದು ವಿವರಪಟ್ಟಿ ಉದ್ದವಾಗಿದೆ, ಬೆಲೆಯೂ ಅದಕ್ಕೆ ತಕ್ಕಂತೆ ಏರಿದೆ. ಘಟ್ಟದಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಯಾವುದು?

ಉತ್ತರ: ಠಾಣೆಯಿಂದ

ಎಲ್ಲಕ್ಕಿಂತ ಮೊದಲು, ನೀವು ದ್ವಿಚಕ್ರ ವಾಹನದಲ್ಲಿದ್ದೀರಿ ಎಂಬುದನ್ನು ಸಾಧನ ಅರಿತು ದಾರಿ ಹುಡುಕುತ್ತದೆಯೇ ಎಂದು ನೋಡಿ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ, ಬಾಂದ್ರಾ-ವರಳಿ ಸಮುದ್ರ ಸೇತುವೆ, ಅಟಲ್ ಸೇತು, ಈ ಮೂರರಲ್ಲೂ ಬೈಕಿಗೆ ಪ್ರವೇಶವಿಲ್ಲ. ಗೂಗಲ್ ಮ್ಯಾಪ್ಸ್ 2017ರ ಡಿಸೆಂಬರ್‌ನಲ್ಲಿಯೇ ನಮ್ಮ ದೇಶಕ್ಕಾಗಿ ದ್ವಿಚಕ್ರ ವಾಹನದ ಆಯ್ಕೆಯನ್ನು ಒದಗಿಸಿತು. ಹೊರದೇಶದ ಸಾಧನದಲ್ಲಿ ಮೋಟಾರ್‌ಸೈಕಲ್ ಎಂಬ ಆಯ್ಕೆ ಕಂಡಮಾತ್ರಕ್ಕೆ ನಂಬಬೇಡಿ. ಯುರೋಪಿನ ಮೋಟಾರುಮಾರ್ಗಗಳಲ್ಲಿ ಬೈಕುಗಳೂ ಓಡುವುದರಿಂದ ಆ ಆಯ್ಕೆ ಅಂಕುಡೊಂಕಿನ ರಸ್ತೆ ಹುಡುಕಲು ಇರಬಹುದೇ ಹೊರತು ನಮ್ಮ ನಿಷೇಧಗಳನ್ನು ಪಾಲಿಸಲು ಇರಲಿಕ್ಕಿಲ್ಲ. ಅಂಗಡಿಯಲ್ಲೇ ಪನ್ವೇಲ್‌ನಿಂದ ಲೋಣಾವಳಕ್ಕೆ ದಾರಿ ಕೇಳಿ. ಹಳೆಯ ಹೆದ್ದಾರಿಯನ್ನು ಬಿಟ್ಟು ಎಕ್ಸ್‌ಪ್ರೆಸ್‌ವೇ ತೋರಿಸಿದರೆ ಆ ಸಾಧನ ನಮ್ಮ ಊರಿಗೆ ಹೊಂದುವುದಿಲ್ಲ.

ಉತ್ತರ: ಪಿಂಪ್ರಿಯಿಂದ

ಠಾಣೆಯವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಅದರ ನಂತರ ನಾನು ಹಣ ಕೊಡುವುದು ನಕ್ಷೆಯನ್ನು ಸಾಧನದೊಳಗೇ ಇಟ್ಟುಕೊಳ್ಳುವ ಸೌಲಭ್ಯಕ್ಕೆ ಮತ್ತು ನಾವೇ ಗೆರೆ ಎಳೆದ ದಾರಿಯನ್ನು ಹಾಗೆಯೇ ಅನುಸರಿಸುವ ಸೌಲಭ್ಯಕ್ಕೆ. ಉಪಗ್ರಹದ ಸಂಕೇತ ಹಿಡಿಯಲು ಮೊಬೈಲ್ ನೆಟ್‌ವರ್ಕ್ ಬೇಕಿಲ್ಲ, ಆದರೆ ನಕ್ಷೆ ಅಂತರಜಾಲದಿಂದ ಬರುವಂಥದ್ದಾದರೆ ನೆಟ್‌ವರ್ಕ್ ಇಲ್ಲದ ಕಾಡಿನಲ್ಲಿ ಖಾಲಿ ಪರದೆಯ ಮೇಲೆ ಒಂದು ಬಾಣ ಮಾತ್ರ ಉಳಿಯುತ್ತದೆ. ಜನರೇ ಸೇರಿ ರೂಪಿಸುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಆಸ್ಮ್‌ಆಂಡ್‌ನಂಥ ಆ್ಯಪ್‌ಗಳಲ್ಲಿ ಇಡೀ ರಾಜ್ಯದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಬಹುದು.

ಎರಡನೆಯದನ್ನು ಸ್ವಲ್ಪ ವಿವರಿಸಬೇಕು. ದಾರಿಯನ್ನು ಉಳಿಸಿಟ್ಟು ಸಾಧನಕ್ಕೆ ಹಾಕುವ ಜಿಪಿಎಕ್ಸ್ ಕಡತದಲ್ಲಿ ರೂಟ್ ಮತ್ತು ಟ್ರ್ಯಾಕ್ ಎಂಬ ಎರಡು ಬಗೆಗಳಿವೆ. ರೂಟ್‌ನಲ್ಲಿ ಇರುವುದು ಕೆಲವೇ ನಿಲುಗಡೆಗಳು, ಅವುಗಳ ನಡುವಿನ ದಾರಿಯನ್ನು ಸಾಧನ ತನ್ನದೇ ಲೆಕ್ಕದಲ್ಲಿ ಕಟ್ಟುತ್ತದೆ. ಟ್ರ್ಯಾಕ್ ಎಂದರೆ ಒತ್ತೊತ್ತಾದ ಬಿಂದುಗಳ ಗೆರೆ, ಅದು ಬದಲಾಗುವುದಿಲ್ಲ. ಬೆಳಗಾವಿಯಿಂದ ಗೋವೆಗೆ ಚೋರ್ಲಾ, ಆಂಬೋಲಿ, ಅನಮೋಡ ಮೂರೂ ಕಡೆಯಿಂದ ಇಳಿಯಬಹುದಾದ್ದರಿಂದ, ಬರೀ ರೂಟ್ ಹಾಕಿಕೊಂಡು ಹೊರಟವರನ್ನು ಸಾಧನವು ಬೇಗ ತಲುಪಿಸುವ ನೆಪದಲ್ಲಿ ಅವರು ಎಣಿಸದ ಘಟ್ಟಕ್ಕೆ ತಿರುಗಿಸಬಲ್ಲದು. ಟ್ರ್ಯಾಕ್ ಅನುಸರಿಸುವ ಮತ್ತು ತಾನಾಗಿ ದಾರಿ ಬದಲಿಸುವುದನ್ನು ನಿಲ್ಲಿಸಿಡುವ ಆಯ್ಕೆಗಳು ಇಲ್ಲದ ಸಾಧನವನ್ನು, ಅದರ ಪರದೆ ಎಷ್ಟೇ ದೊಡ್ಡದಿರಲಿ, ನಾನು ಕೊಳ್ಳಲಾರೆ. ಗುಡ್ಡ ಕುಸಿದು ರಸ್ತೆ ಮುಚ್ಚಿದ ಸುದ್ದಿ ಸಾಧನದೊಳಗಿನ ನಕ್ಷೆಗೆ ತಿಳಿಯುವುದಿಲ್ಲ, ಅದನ್ನು ಜಾಂಬೋಟಿಯ ಚಹಾದಂಗಡಿಯಲ್ಲಿ ಕೇಳಿಯೇ ಮುಂದೆ ಹೋಗಬೇಕು.

ಉಪಗ್ರಹಗಳ ವಿಷಯದಲ್ಲಿ ಸಂಖ್ಯೆಗಿಂತ ತರಂಗಾಂತರ ಕೇಳಿ. ಘಟ್ಟದಲ್ಲಿ ಬಂಡೆಯ ಗೋಡೆ ಆಕಾಶದ ಒಂದು ಭಾಗವನ್ನು ಮರೆಮಾಡುವುದಲ್ಲದೆ, ಸಂಕೇತ ಅದಕ್ಕೆ ಬಡಿದು ತಡವಾಗಿ ತಲುಪಿ ಸ್ಥಾನವನ್ನು ಪಕ್ಕಕ್ಕೆ ಸರಿಸುತ್ತದೆ. 1176.45 ಮೆಗಾಹರ್ಟ್ಸ್‌ನ ಎಲ್5 ಸಂಕೇತ, ಹಳೆಯ 1575.42 ಮೆಗಾಹರ್ಟ್ಸ್‌ನ ಎಲ್1 ಸಂಕೇತಕ್ಕಿಂತ ಇಂಥ ಪ್ರತಿಫಲನವನ್ನು ಚೆನ್ನಾಗಿ ಬೇರ್ಪಡಿಸುತ್ತದೆ. ಜಿಪಿಎಸ್‌ನಂತೆ ಸ್ಥಾನ ತಿಳಿಸುವ ನಮ್ಮ ದೇಶದ ನಾವಿಕ್ ವ್ಯವಸ್ಥೆಯ ಮೊದಲ ಪೀಳಿಗೆಯ ಉಪಗ್ರಹಗಳು ಎಲ್5 ಮತ್ತು ಎಸ್ ತರಂಗಪಟ್ಟಿಗಳಲ್ಲಿ ಮಾತ್ರ ಪ್ರಸಾರ ಮಾಡುತ್ತವೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಎಲ್1 ಕೂಡ ಸೇರಿತು. ಆದ್ದರಿಂದ ಪೆಟ್ಟಿಗೆಯ ಮೇಲೆ ನಾವಿಕ್ ಎಂದು ಬರೆದಿದ್ದರೂ ಎಲ್5 ಹಿಡಿಯುತ್ತದೆಯೇ ಎಂದು ವಿಚಾರಿಸಿ.

ಉತ್ತರ: ಮಡಗಾಂವ್‌ನಿಂದ

ಇಲ್ಲಿನ ಮಳೆಯ ಬಗ್ಗೆ ನಾನು ಹೇಳುತ್ತೇನೆ. ನೀರಿನಿಂದ ರಕ್ಷಣೆಯ ದರ್ಜೆಗಳಲ್ಲಿ ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ನಿಂತ ನೀರಿನಲ್ಲಿ 30 ನಿಮಿಷ ತಾಳಬೇಕೆಂದು ಅರ್ಥ. ವೇಗದಲ್ಲಿ ಎದುರಿನಿಂದ ಹೊಡೆಯುವ ಮಳೆಗೆ ನೀರಿನ ಧಾರೆಯ ಪರೀಕ್ಷೆಯಾದ ಐಪಿಎಕ್ಸ್6 ಹೆಚ್ಚು ಹತ್ತಿರದ್ದು. ಚಾರ್ಜಿಂಗ್ ತಂತಿ ಸಿಕ್ಕಿಸಿದಾಗಲೂ ಆ ರಕ್ಷಣೆ ಉಳಿಯುತ್ತದೆಯೇ ಎಂದು ತಪ್ಪದೆ ಕೇಳಿ. ಫೋನಿನ ಪರದೆ ಮಳೆಹನಿಯನ್ನೂ ಬೆರಳೆಂದೇ ತಿಳಿಯುತ್ತದೆ, ದಪ್ಪ ಕೈಗವಸಿಗೆ ಸ್ಪಂದಿಸುವುದಿಲ್ಲ. ಹೀಗಾಗಿ ಗುಂಡಿಗಳಿರುವ ಅಥವಾ ಕೈಗವಸಿಗೆ ಒಗ್ಗುವ ಪರದೆಯೇ ಬೇಕು. ಹೆಲ್ಮೆಟ್ಟಿನೊಳಗೆ ಬ್ಲೂಟೂತ್ ಮೂಲಕ ತಿರುವುಗಳ ಸೂಚನೆ ಕೇಳುವಂತಿದ್ದರೆ ಪರದೆ ನೋಡುವ ಅಗತ್ಯವೇ ಬಹಳ ಕಡಿಮೆಯಾಗುತ್ತದೆ. 2020ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರವೂ ಚಾಲನೆಯಲ್ಲಿ ಫೋನಿನಂಥ ಸಾಧನವನ್ನು ದಾರಿ ತಿಳಿಯಲು ಮಾತ್ರ, ಅದೂ ಗಮನ ಕೆಡದಂತೆ, ಬಳಸಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಈ ಗುಣಗಳಿರುವ ಫೋನನ್ನೇ ಬಳಸಿದರೆ ಸಾಲದೇ?

ಉತ್ತರ: ಪಿಂಪ್ರಿಯಿಂದ

ನಗರಕ್ಕೆ, ಒಣ ಹವೆಗೆ ಸಾಕು. ಆದರೆ ದೊಡ್ಡ ಎಂಜಿನ್ನಿನ ನಡುಕ ಹ್ಯಾಂಡಲ್ ಮೂಲಕ ಬಂದು ಕ್ಯಾಮೆರಾದ ಚಿತ್ರ ಸ್ಥಿರಗೊಳಿಸುವ ಭಾಗವನ್ನು ಕೆಡಿಸಬಹುದೆಂದು ಆ್ಯಪಲ್ ಸಂಸ್ಥೆಯೇ 2021ರಲ್ಲಿ ಎಚ್ಚರಿಸಿದೆ. ನಿಮ್ಮ ಈ ಪ್ರಯಾಣಕ್ಕೆ ಬೈಕಿನ ಸಾಧನವೇ ಸರಿ. ಅಷ್ಟು ವೆಚ್ಚ ಬೇಡವೆನಿಸಿದರೆ, ದಿನನಿತ್ಯದ ಫೋನನ್ನು ಜೇಬಿನಲ್ಲೇ ಇಟ್ಟು, ಹಳೆಯ ಫೋನೊಂದಕ್ಕೆ ನಕ್ಷೆಗಳನ್ನು ತುಂಬಿ, ನಡುಕ ತಡೆಯುವ ರಬ್ಬರ್ ಇರುವ ಹೋಲ್ಡರ್‌ನಲ್ಲಿ ಕೂರಿಸಿ. ಎರಡರಲ್ಲಿ ಯಾವುದಾದರೂ ಸರಿ, ವಿದ್ಯುತ್ ಸಂಪರ್ಕವನ್ನು ಬ್ಯಾಟರಿಯಿಂದ ಫ್ಯೂಸ್ ಮೂಲಕ ಎಳೆಸಿ, ಬೈಕಿನ ಕೀಲಿ ತೆಗೆದಾಗ ಅದೂ ಕಡಿತಗೊಳ್ಳುವಂತೆ ಎಲೆಕ್ಟ್ರಿಷಿಯನ್‌ಗೆ ಹೇಳಿ ರಿಲೇ ಎಂಬ ಸ್ವಯಂಚಾಲಿತ ಸ್ವಿಚ್ ಹಾಕಿಸಿಕೊಳ್ಳಿ. ಚೋರ್ಲಾಕ್ಕೆ ಹೊರಡುವ ಮುನ್ನ ಒಮ್ಮೆ ಮಳೆಯಲ್ಲಿ ಮುಳಶಿಯವರೆಗೆ ಹೋಗಿ, ಫೋನಿನ ಡೇಟಾ ಬಂದ್ ಮಾಡಿ, ಟ್ರ್ಯಾಕ್ ಸರಿಯಾಗಿ ನಡೆಸುತ್ತದೆಯೇ ಎಂದು ಪರೀಕ್ಷಿಸಿ.