ಸೀರೆ ಮನೆಯಲ್ಲೇ ಬಿಟ್ಟು ಹೋದ ಶೀನ

ಎರಡನೇ ಶನಿವಾರ ಬೆಳಿಗ್ಗೆ ಶೀನನ ಮನೆಗೆ ಹೋದರೆ, ಊಟದ ಮೇಜಿನ ಮೇಲೆ ಇಡ್ಲಿ ಇರಬೇಕಾದ ಜಾಗದಲ್ಲಿ ಲ್ಯಾಪ್‌ಟಾಪ್ ಬೋರಲು ಬಿದ್ದಿತ್ತು. ಸ್ಕ್ರೂಗಳು ಚಟ್ನಿ ಬಟ್ಟಲಲ್ಲಿ. 2014ರ ಮಾಲು, ತೆರೆದ ಕೆಲಸಗಳನ್ನ ಹಿಡಿದಿಡೋ ಮೆಮೊರಿ ಅಂದರೆ ಬರೀ 4 ಜಿಬಿ ರ‍್ಯಾಮ್. ಬ್ರೌಸರ್ ಒತ್ತಿ ಸ್ನಾನಕ್ಕೆ ಹೋದರೆ, ತಲೆ ಒರೆಸಿಕೊಂಡು ಬರೋ ಹೊತ್ತಿಗೆ ತೆರೆದಿರುತ್ತಿತ್ತು.

“ಎಸ್.ಪಿ. ರೋಡಿಂದ 8 ಜಿಬಿ ರ‍್ಯಾಮ್ ತಂದೆ ಕಣೋ. ಕೂರ್ತಾನೇ ಇಲ್ಲ,” ಅಂದ ಶೀನ.

ಜೊತೆಗಿದ್ದ ಪ್ರಸನ್ನ ಕನ್ನಡಕ ಏರಿಸಿದ. ‘ನಂಗೆ ಗೊತ್ತಿಲ್ಲ’ ಅಂತ ಅವನ ಬಾಯಲ್ಲಿ ಬಂದಿದ್ದನ್ನ ನಾನಂತೂ ಕೇಳಿಲ್ಲ. “ಇಷ್ಟುದ್ದ ಇದೆಯಲ್ಲೋ! ಇದು ಡೆಸ್ಕ್‌ಟಾಪ್‌ದು. ಲ್ಯಾಪ್‌ಟಾಪಿಗೆ ಇದರ ಅರ್ಧ ಉದ್ದದ್ದು ಬೇಕು, ಸೋಡಿಮ್ ಅಂತಾರೆ. ಅಂಗಡೀಲಿ ಏನಂತ ಕೇಳ್ದೆ?”

“8 ಜಿಬಿ ಕೊಡಿ ಅಂದೆ.”

“ಅರ್ಧ ಕೆಜಿ ಬೆಂಡೆಕಾಯಿ ಕೊಡಿ ಅಂದ ಹಾಗೆ.”

“ಅದು ಮೊನ್ನೆ ತಂದಿದ್ದು. ನಿನ್ನೆ ಮತ್ತೆ ಹೋಗಿದ್ದೆ,” ಅಂತ ಶೀನ ಜೇಬಿನಿಂದ ಇನ್ನೊಂದನ್ನ ತೆಗೆದ. ಉದ್ದವೇನೋ ಸರಿಯಾಗಿತ್ತು. ಆದರೆ ಚಿನ್ನದ ಬಣ್ಣದ ಹಲ್ಲಿನ ಸಾಲಲ್ಲಿರೋ ಕಚ್ಚು, ಸ್ಲಾಟಿನೊಳಗಿನ ಉಬ್ಬಿಗೆ ಎದುರಾಗದೆ ಪಕ್ಕಕ್ಕೆ ಸರಿದಿತ್ತು.

“ಇದು ಡಿಡಿಆರ್4, ಅಂದ್ರೆ ನಾಲ್ಕನೇ ತಲೆಮಾರಿನದು, 260 ಪಿನ್ನು. ನಿಂದು ಡಿಡಿಆರ್3, 204. ತಪ್ಪಿಯೂ ಕೂರಬಾರದು ಅಂತಲೇ ಕಚ್ಚನ್ನ ಬೇರೆ ಕಡೆ ಇಟ್ಟಿರ್ತಾರೆ. ಒತ್ತಿಲ್ಲ ತಾನೆ?”

“ಒಂಚೂರು ಒತ್ತಿದೆ.”

“ಒಂಚೂರು ಅಂದ್ರೆ?”

“ಮೊಣಕೈ ಇಟ್ಟು.”

ಅಷ್ಟರಲ್ಲಿ ಕಾಫಿ ತಂದ ವನಜಾ ಅತ್ತಿಗೆ ಲೋಟ ಇಡೋಕೆ ಜಾಗ ಹುಡುಕುತ್ತ ಕೇಳಿದರು, “ಹಳೇದನ್ನ ತಗೊಂಡು ಹೋಗಿದ್ರಾ?”

“ಹಳೇದು ಯಾಕೆ?”

“ಅಲ್ಲೇ ಪಕ್ಕದ ಚಿಕ್ಕಪೇಟೆಗೆ ಬ್ಲೌಸ್ ಪೀಸ್ ತರೋಕೆ ಹೋಗುವಾಗ ನಾನು ಸೀರೆ ಹಿಡ್ಕೊಂಡು ಹೋಗಲ್ವಾ? ‘ಹಸಿರು ಕೊಡಿ’ ಅಂದ್ರೆ ಮ್ಯಾಚಿಂಗ್ ಸೆಂಟರಿನವರು ನಲವತ್ತು ಹಸಿರು ತೋರಿಸ್ತಾರೆ.”

ಪ್ರಸನ್ನನ ಮುಖ ನೋಡಬೇಕಿತ್ತು. ಅರ್ಧ ಗಂಟೆ ಹೇಳಬೇಕು ಅಂತ ಸಿದ್ಧ ಮಾಡಿಕೊಂಡಿದ್ದ ಪಾಠ ಅತ್ತಿಗೆಯ ಬಾಯಲ್ಲಿ ಒಂದೇ ಮಾತಿಗೆ ಮುಗಿದಿತ್ತು. ಆದರೂ ಬಿಡಲಿಲ್ಲ. ಹಳೇ ರ‍್ಯಾಮ್ ಕಡ್ಡಿಯ ಎರಡೂ ಬದಿಯ ಕ್ಲಿಪ್ ಸರಿಸಿದ. ಅದು ಓರೆಯಾಗಿ ಎದ್ದು ನಿಂತಿತು. ಅದರ ಚೀಟಿ ಓದಿದ: “ಪಿಸಿ3ಎಲ್-12800.”

“12800 ರೂಪಾಯಾ!” ಅಂದ ಶೀನ.

“ಬೆಲೆ ಅಲ್ವೋ! 1600ರ ವೇಗ, ಅಂದ್ರೆ ಸೆಕೆಂಡಿಗೆ 1600 ಮಿಲಿಯನ್ ಸಲ; ಒಂದು ಸಲಕ್ಕೆ 8 ಬೈಟು, ಗುಣಿಸು. ಸೆಕೆಂಡಿಗೆ 12800 ಎಂಬಿ. ಮುಖ್ಯವಾದ್ದು ಅದಲ್ಲ, ಈ ‘ಎಲ್’. 1.35 ವೋಲ್ಟಿನದು ಅಂತ. ಬರೀ ಪಿಸಿ3 ಅಂದ್ರೆ 1.5 ವೋಲ್ಟು. ಕಚ್ಚು ಒಂದೇ ಕಡೆ ಇರುತ್ತೆ, ಸಲೀಸಾಗಿ ಕೂರುತ್ತೆ, ಆದ್ರೆ ಆ ಕಾಲದ ಎಷ್ಟೋ ಲ್ಯಾಪ್‌ಟಾಪು ಅದನ್ನ ಒಪ್ಪೋದೇ ಇಲ್ಲ.”

“ಹಳೇ 4ರ ಜೊತೆ ಹೊಸ 8 ಹಾಕಬಹುದಾ? ಎತ್ತು ಏರಿಗೆ, ಕೋಣ ನೀರಿಗೆ ಆಗಲ್ವಾ?” ನಾನೂ ಒಂದು ಮಾತಾಡಬೇಕಲ್ಲ ಅಂತ ಕೇಳಿದೆ.

“ಸಾಮಾನ್ಯವಾಗಿ ನಡೆಯುತ್ತೆ. 1333ರದ್ದನ್ನೂ 1600ರದ್ದನ್ನೂ ಕಟ್ಟಿದ್ರೆ ಎರಡೂ ಕೋಣದ ಹೆಜ್ಜೆಗೇ ನಡೀತಾವೆ, ಅಷ್ಟೇ.”

ಚಿಕ್ಕಪೇಟೆ ಮೆಟ್ರೋ ಇಳಿದು ಎಸ್.ಪಿ. ರೋಡಿನ ಅಂಗಡಿಗೆ ನಡೆದೆವು. ಅತ್ತಿಗೆಗೆ ಲೈನಿಂಗ್ ಬಟ್ಟೆ ಬೇಕಿತ್ತು, ಜೊತೆಗೆ ಬಂದಿದ್ದರು. ಪ್ರಸನ್ನ ಗಂಟಲು ಸರಿಮಾಡಿಕೊಳ್ಳೋದರೊಳಗೆ ಅವರೇ ಕರ್ಚೀಫು ಬಿಚ್ಚಿ ಕಡ್ಡಿ ಕೌಂಟರಿನ ಮೇಲಿಟ್ಟು, “ಇದಕ್ಕೆ ಮ್ಯಾಚಿಂಗ್, 8 ಜಿಬಿ. ಎಲ್ ಇರಬೇಕು” ಅಂದರು. ಅಂಗಡಿಯವನು ಎರಡು ನಿಮಿಷಕ್ಕೆ ತಂದುಕೊಟ್ಟ. ಲೈನಿಂಗ್ ಬಟ್ಟೆಗೆ ಒಂದೂವರೆ ಗಂಟೆ ಆಯ್ತು, ಆ ಮಾತು ಬೇರೆ.

ಮನೆಗೆ ಬಂದು ಬ್ಯಾಟರಿ ತೆಗೆದು, ಪವರ್ ಬಟನ್ ಒಂದಷ್ಟು ಹೊತ್ತು ಒತ್ತಿಹಿಡಿದು, ಕಡ್ಡಿಯನ್ನ ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿದರೆ ಟಕ್ ಅಂತು. ಆನ್ ಮಾಡಿದರೆ ಪರದೆ ಕಪ್ಪು. ಶೀನನ ಮುಖ ಅದಕ್ಕಿಂತ ಕಪ್ಪು. ಪ್ರಸನ್ನ ಶೀನನ ಮಗಳ ಜಾಮಿಟ್ರಿ ಬಾಕ್ಸಿನಿಂದ ರಬ್ಬರ್ ತರಿಸಿ, ಹಳೇ ಕಡ್ಡಿಯ ಹಲ್ಲನ್ನ ಮೆಲ್ಲಗೆ ಉಜ್ಜಿ, ಪುಡಿ ಊದಿ, ಎರಡನ್ನೂ ಮತ್ತೆ ಕೂರಿಸಿದ. ಎದ್ದಿತು. 12 ಜಿಬಿ!

ಆ ಹುಮ್ಮಸ್ಸಿನಲ್ಲಿ ಪ್ರಸನ್ನ ತನ್ನ ಲ್ಯಾಪ್‌ಟಾಪನ್ನೂ ಬ್ಯಾಗಿಂದ ತೆಗೆದ. ಕಳೆದ ವರ್ಷ ತಗೊಂಡಿದ್ದು, ಹಪ್ಪಳದಷ್ಟು ತೆಳು. “ಇದಕ್ಕೂ ಇನ್ನೊಂದು 8 ಹಾಕಿಬಿಡೋಣ” ಅಂತ ತಳ ಬಿಚ್ಚಿದ. ಹುಡುಕಿದ. ಮೊಬೈಲ್ ಟಾರ್ಚ್ ಹಿಡಿದು ಹುಡುಕಿದ. ಸ್ಲಾಟೇ ಇಲ್ಲ. ರ‍್ಯಾಮಿನ ನಾಲ್ಕು ಕರೀ ಚಿಪ್‌ಗಳು ಬೋರ್ಡಿಗೇ ಬೆಸುಗೆ ಹಾಕಿಸಿಕೊಂಡು ಕೂತಿದ್ದವು.

ಅತ್ತಿಗೆ ಬಗ್ಗಿ ನೋಡಿದರು. “ರೆಡಿಮೇಡ್ ಬ್ಲೌಸಾ? ಒಳಗೆ ಬಟ್ಟೆ ಬಿಟ್ಟಿಲ್ಲ ಅನ್ನಿ. ಬಿಚ್ಚಿ ಹಿಗ್ಗಿಸೋಕಾಗಲ್ಲ.”

ಪ್ರಸನ್ನ ಏನೂ ಅನ್ನಲಿಲ್ಲ. ಚಟ್ನಿ ಬಟ್ಟಲಲ್ಲಿ ಅವನ ಸ್ಕ್ರೂ ಯಾವುದು, ಶೀನನದು ಯಾವುದು ಅಂತ ಹುಡುಕುತ್ತ ಕೂತ.